ಮಧ್ಯಾಹ್ನದ ಗಂಟೆ ಮತ್ತು ಬೋರಿನ ಪೈಪು

ಪಾದ್ರಿಗಳಾಗಲು ಹೊರಟ ಹುಡುಗರಿಗೆ ಬೋರಿನ ಪಂಪು ಇಳಿಸುವುದು, ಎತ್ತುವುದು ಕಲಿಸಿಕೊಡಿ ಎಂದು ಕೇಳಿದಾಗ ನಾನು ನಕ್ಕುಬಿಟ್ಟೆ. ಕೇಳಿದವರು ನಗಲಿಲ್ಲ. ಬಿಳಿ ನಿಲುವಂಗಿಯ ಅಂಚು ಸ್ಕೂಟರಿನ ಚಕ್ರಕ್ಕೆ ಸಿಗದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಕಾರ್ಖಾನೆಯ ಗೇಟಿನಲ್ಲಿ ನಿಂತೇ ಇದ್ದರು.

ನಾಚಾರಂನ ಆ ಸಣ್ಣ ಪಂಪಿನ ಕಾರ್ಖಾನೆಯಲ್ಲಿ ನಾನು ಫಿಟ್ಟಿಂಗ್ ಮೇಸ್ತ್ರಿ. ಹೈದರಾಬಾದು ಇಡೀ ಆಂಧ್ರಕ್ಕೆ ರಾಜಧಾನಿಯಾಗಿದ್ದ ಕಾಲ. ನಮ್ಮ ಶೆಡ್ಡಿನಲ್ಲಿ ಶ್ರೀಕಾಕುಳದಿಂದ ಅನಂತಪುರದವರೆಗಿನ ಎಲ್ಲ ಬಗೆಯ ತೆಲುಗೂ ಕೇಳುತ್ತಿತ್ತು, ಬೈಗುಳ ಮಾತ್ರ ದಖನಿ ಉರ್ದುವಿನಲ್ಲಿ. ಕನ್ನಡದವನು ನಾನೊಬ್ಬನೇ. ರಾಯಚೂರಿನ ಲಿಂಗಾಯತರ ಪೈಕಿ, ತಾರ್ನಾಕದಲ್ಲಿ ಬಾಡಿಗೆ ಮನೆ. ಶೆಡ್ಡಿನವರು ನನ್ನನ್ನು ಉಸ್ತಾದ್ ಎನ್ನುತ್ತಿದ್ದರು. ಹೆಂಡತಿ ಬೇರೆ ಏನೇನೋ ಅನ್ನುತ್ತಿದ್ದಳು.

ಬಂದವರು ಮಂಗಳೂರು ಕಡೆಯವರು. ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಸಭೆಗೆ ಸೇರಿದ ಗುರುಗಳು. ನಾಚಾರಂ ಆಚೆ ಬಂಡೆಗಳ ನಡುವೆ ಅವರದೊಂದು ದೊಡ್ಡ ಕಾಂಪೌಂಡಿತ್ತು. ಹೊಸದಾಗಿ ಸೇರಿದ ಹುಡುಗರನ್ನು ವ್ರತ ಕೊಡುವ ಮೊದಲು ಒಂದು ವರ್ಷ ಅಲ್ಲಿಟ್ಟು ಪಳಗಿಸುತ್ತಿದ್ದರು. ಆ ಹುಡುಗರಿಗೆ ನೊವಿಸ್ ಎಂದು ಹೆಸರು, ಕರೆಯುವುದು ಬ್ರದರ್ ಎಂದು. ಪಳಗಿಸುವ ಹೊಣೆ ಇವರದು. ನಾನು ಇವರನ್ನು ಬರೀ ಫಾದರ್ ಎನ್ನುತ್ತಿದ್ದೆ.

ಪಾದ್ರಿಗೆ ಪಂಪು ಯಾಕೆ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು. ಈ ಹುಡುಗರು ಮುಂದೆ ಹೋಗುವುದು ಗೋದಾವರಿ ಆಚೆಯ ಕಾಡಿನ ಮಿಶನ್ ಠಾಣ್ಯಗಳಿಗೆ. ಅವರೇ ಅಂಥದೊಂದು ಕಡೆ ವರ್ಷಗಟ್ಟಲೆ ಇದ್ದರು. ಒಂದು ಬೇಸಿಗೆಯಲ್ಲಿ ಊರಿಗಿದ್ದ ಒಂದೇ ಪಂಪು ಕೆಟ್ಟಿತು. ಬಿಚ್ಚಬಲ್ಲವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಜನ ಹಳ್ಳದ ನೀರು ಕುಡಿದರು.

"ನಾನು ತತ್ವಶಾಸ್ತ್ರ ಓದಿದವ. ಪಂಪಿನ ಎದುರು ನಿಂತು ಜಪ ಮಾಡಿದೆ. ಆ ಬೇಸಿಗೆ ಮಕ್ಕಳನ್ನು ಹೂಳಿದ್ದೇನೆ, ಮಾರಾಯ್ರೆ," ಎಂದರು.

ನಗು ನಿಂತಿತು. ಮಾಲೀಕನನ್ನು ಕೇಳಿದೆ. ಕಾಡಿನಲ್ಲೆಲ್ಲ ನಮ್ಮ ಪಂಪು ಹೋಗಲಿ ಎಂಬ ಆಸೆಯಿಂದ ಅವನು ಶನಿವಾರ ಬೆಳಗಿನ ಹೊತ್ತು ನನ್ನನ್ನು ಬಿಟ್ಟುಕೊಟ್ಟ.

ಹುಡುಗರು ಒಳ್ಳೆಯವರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದರು, ಎದುರು ಮಾತಿಲ್ಲ. ನಮ್ಮ ಶೆಡ್ಡಿನಲ್ಲಿ ಒಂದು ನಟ್ಟು ಬಿಗಿಯಲು ಹೇಳಿದರೆ ಮೂರು ತಕರಾರು ಕೇಳಿ ರೂಢಿಯಾದ ನನಗೆ ಇದು ಸ್ವರ್ಗವೆನಿಸಿತು. ಮೊದಲ ಶನಿವಾರ ಹನ್ನೆರಡರವರೆಗೂ ಹಾಗೇ ಅನಿಸಿತ್ತು. ಹನ್ನೆರಡಕ್ಕೆ ಚಾಪೆಲ್ಲಿನ ಗಂಟೆ ಹೊಡೆಯಿತು. ವೈಸಿನಲ್ಲಿ ಕಚ್ಚಿಸಿದ ಪೈಪನ್ನು ಉಜ್ಜುತ್ತಿದ್ದವನು ಅರವನ್ನು ಅರ್ಧ ಎಳೆತದಲ್ಲೇ ಬಿಟ್ಟ. ವಾಷರ್ ಕೂಡಿಸುತ್ತಿದ್ದವನ ಕೈಯಿಂದ ವಾಷರ್ ಜಾರಿ ನೆಲಕ್ಕೆ ಬಿತ್ತು, ಅವನು ಅದನ್ನು ನೋಡಲೂ ಇಲ್ಲ. ಎಲ್ಲರೂ ನೆಟ್ಟಗೆ ನಿಂತು ಕೈ ಮುಗಿದು ಪ್ರಾರ್ಥನೆ ಹೇಳಿ, ಸಾಲಾಗಿ ಹೊರಟೇಹೋದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆಗೆ ಹೇಳುವ ತ್ರಿಕಾಲ ಪ್ರಾರ್ಥನೆ ಅದು. ಅದಾದ ಮೇಲೆ ಊಟ. ಗಂಟೆಯಿಂದ ಊಟ ಮುಗಿಯುವವರೆಗೆ ಮೌನ, ಯಾರೂ ಯಾರೊಡನೆಯೂ ಒಂದು ಮಾತೂ ಆಡುವಂತಿಲ್ಲ.

ಊಟವಾದ ಮೇಲೆ ನಾನು ಫಾದರ್ ಹತ್ತಿರ ಹೋಗಿ ಇದೇನು ಎಂದೆ.

"ಗಂಟೆ ಅಂದರೆ ದೇವರ ಕರೆ. ಬರೀತಾ ಇರುವ ಅಕ್ಷರಕ್ಕೆ ಕೊಂಬು ಹಾಕುವುದು ಉಳಿದಿದ್ದರೂ ಹಾಕಬಾರದು. ಹಾಗೇ ಬಿಟ್ಟು ಏಳಬೇಕು. ಹಳೇ ನಿಯಮ."

"ಕೊಂಬಿಲ್ಲದ ಅಕ್ಷರ ಬಿದ್ದು ಯಾರ ಕಾಲೂ ಮುರಿಯಂಗಿಲ್ರಿ ಫಾದರ್. ಕಬ್ಬಿಣ ಹಂಗಲ್ಲ."

ಅವರು ಸ್ವಲ್ಪ ನಕ್ಕು, ಹಾಗಾದರೆ ಹನ್ನೆರಡಕ್ಕೆ ಮೊದಲೇ ಮುಗಿಸಿ ಎಂದರು. ಬೇರೆ ಮಠಗಳಲ್ಲಿ ಈ ಬಿಗಿ ಆಗಲೇ ಸಡಿಲವಾಗಿತ್ತಂತೆ. ಇವರು ಸಡಿಲ ಬಿಡುವ ಪೈಕಿ ಅಲ್ಲ. ನಾನೂ ಕೆಲಸವನ್ನು ಹಾಗೇ ಹೊಂದಿಸಿಕೊಂಡೆ. ಅವರ ಮನೆ, ಅವರ ನಿಯಮ.

ಹುಡುಗರ ಪೈಕಿ ಒಬ್ಬ ಮಾತ್ರ ಬೇರೆ ಥರದವನು. ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವನು, ಕಲ್ಲುಗೆಲಸದವರ ಮಗ. ಅವನನ್ನು ಮಾನ್ವಿ ಬ್ರದರ್ ಎಂದೇ ಹೇಳುತ್ತೇನೆ. ನಮ್ಮ ಕಡೆಯ ಮಾತು ಕೇಳಿ ನನಗೆ ಅವನ ಮೇಲೆ ಮೊದಲ ದಿನವೇ ಮಮತೆ ಹುಟ್ಟಿತು, ಮುಚ್ಚಿಡುವುದೇನು. ಅವನಿಗೆ ಕೆಲಸ ಅರ್ಧಕ್ಕೆ ಬಿಟ್ಟರೆ ಕೈ ಕಡಿಯುತ್ತಿತ್ತು. ಗಂಟೆ ಹೊಡೆದರೂ ನಾಲ್ಕು ಸುತ್ತು ಉಳಿದಿದ್ದರೆ ನಾಲ್ಕನ್ನೂ ತಿರುಗಿಸಿ, ಪೈಪು ತಿರುಗಿಸುವ ಪಾನಾ ಒರೆಸಿಟ್ಟು, ಆಮೇಲೆ ಓಡುತ್ತಿದ್ದ. ತಡವಾಗಿ ಬಂದವರು ಊಟದ ಕೋಣೆಯ ಬಾಗಿಲಲ್ಲಿ ಮೊಣಕಾಲೂರಿ, ಕೂತವರೆಲ್ಲರ ಕ್ಷಮೆ ಕೇಳಿ, ಹಿರಿಯರು ತಲೆಯಾಡಿಸಿದ ಮೇಲೆ ಒಳಗೆ ಹೋಗಬೇಕು. ಮೌನದ ಹೊತ್ತಿನಲ್ಲಿ ಅಲ್ಲಿ ಕೇಳುವ ಮಾತು ಅದೊಂದೇ. ಮಾನ್ವಿ ಬ್ರದರ್ ಆ ಬಾಗಿಲಿಗೆ ಕಾಯಂ ಗಿರಾಕಿಯಾಗಿದ್ದ.

ಮಳೆಗಾಲದ ಹೊತ್ತಿಗೆ ಅದು ನಗೆಯ ಮಾತಾಗಿ ಉಳಿಯಲಿಲ್ಲ. ವರ್ಷದ ಕೊನೆಗೆ ಹಿರಿಯ ಗುರುಗಳ ಕೌನ್ಸಿಲ್ ಕೂತು ಯಾರಿಗೆ ವ್ರತ, ಯಾರು ಮನೆಗೆ ಎಂದು ತೀರ್ಮಾನಿಸುತ್ತದೆ. ಇವನಲ್ಲಿ ವಿಧೇಯತೆ ಸಾಲದು ಎಂದು ಫಾದರ್ ಆ ಕೌನ್ಸಿಲ್ಲಿನ ಮುಂದೆ ಹೇಳಿಯಾಗಿತ್ತು. ಇನ್ನೊಮ್ಮೆ ಗಂಟೆಗೆ ತಪ್ಪಿದರೆ ಪೆಟ್ಟಿಗೆ ಕಟ್ಟಬೇಕು ಎಂದು ಅವನಿಗೂ ಹೇಳಿದ್ದರು.

ಒಂದು ಶನಿವಾರ ನಾನೇ ಕೇಳಿದೆ, ಇಷ್ಟು ಬಿಗಿ ಇದ್ದಲ್ಲಿ ಯಾಕೆ ಒದ್ದಾಡುತ್ತಿ, ನಮ್ಮ ಶೆಡ್ಡಿಗೆ ಬಾ, ನಾಳೆಯೇ ಕೆಲಸ ಕೊಡಿಸುತ್ತೇನೆ ಎಂದು. ಅವನು ಪೈಪಿನ ತುದಿಯ ತಿರುಪಿನ ಎಳೆಗೆ ಸಣಬಿನ ನಾರು ಸುತ್ತುತ್ತಿದ್ದ.

"ನಮ್ಮೂರಾಗ ಒಬ್ರು ಫಾದರ್ ಇದ್ರು ರಿ. ನಮ್ಮಪ್ಪಗ ಕಲ್ಲು ಬಿದ್ದು ಕಾಲು ಹೋದಾಗ, ನಮ್ಮ ಕೇರಿಗೆ ಯಾರೂ ಬರ್ತಿದ್ದಿಲ್ಲ. ಅವರು ದಿನಾ ಬಂದು ಗಾಯ ತೊಳದ್ರು. ನನಗ ಅವರಂಗ ಆಗಬೇಕು ಅಂತ ಐತಿ. ಬ್ಯಾರೆ ಏನೂ ಬ್ಯಾಡ್ರಿ ಉಸ್ತಾದ್."

ಮುಂದೆ ನಾನು ಆ ಮಾತು ಎತ್ತಲಿಲ್ಲ. ಗಂಟೆ ಆದ ಕೂಡಲೇ ಎದ್ದು ಹೋಗು ಅಂದೆ. ಅವನು ಹೋಗುವುದನ್ನು ಕಲಿತ. ಒಂದೊಂದು ಸಲ ಪಾನಾ ಬಿಟ್ಟ ಮೇಲೂ ಬೆರಳು ಹಾಗೇ ಮಡಚಿಕೊಂಡಿರುತ್ತಿದ್ದವು.

ಅಷ್ಟರಲ್ಲಿ ಆ ಕಾಂಪೌಂಡಿನ ಬೋರಿನ ಮೋಟಾರು ಸುಟ್ಟಿತು. ಇಡೀ ಮನೆಗೆ ಅದೇ ನೀರು. ಮುನಿಸಿಪಾಲಿಟಿಯ ನಲ್ಲಿ ಅಷ್ಟು ದೂರ ಇನ್ನೂ ಬಂದಿರಲಿಲ್ಲ. ನಾನು ಮೋಟಾರನ್ನು ನಮ್ಮಲ್ಲಿಗೆ ತಂದು ಹೊಸ ತಂತಿ ಸುತ್ತಿಸಿದೆ. ಮತ್ತೆ ಇಳಿಸುವುದನ್ನು ಹುಡುಗರ ಕೊನೆಯ ಪಾಠವಾಗಿಟ್ಟುಕೊಂಡೆ. ನಾನು ನೋಡುವವನು, ಮಾಡುವವರು ಅವರು.

ಇಳಿಸುವ ಕ್ರಮ ಕಷ್ಟದ್ದೇನಲ್ಲ, ಆದರೆ ತಪ್ಪುವಂತಿಲ್ಲ. ಬೋರಿನ ಬಾಯಿಯ ಮೇಲೆ ಮುಕ್ಕಾಲಿ ನಿಲ್ಲಿಸಿ ಚೈನ್ ಕಪ್ಪಿ ತೂಗುಹಾಕಬೇಕು. ತಳದಲ್ಲಿ ಪಂಪು, ಅದರ ಮೇಲೆ ಒಂದೊಂದೇ ಕಬ್ಬಿಣದ ಪೈಪು. ಇಳಿದಷ್ಟರ ಭಾರವನ್ನೂ ಬೋರಿನ ಬಾಯಿಗೆ ಅಡ್ಡ ಕೂತ ಕ್ಲಾಂಪು ಹಿಡಿದಿರುತ್ತದೆ. ಹೊಸ ಪೈಪನ್ನು ಕಪ್ಪಿಯಿಂದ ಮೇಲೆತ್ತಿ, ಅದರ ಎಳೆಗೆ ಸಣಬು ಸುತ್ತಿ, ಸಫೇದಾ ಎಂಬ ಬಿಳಿ ಅಂಟು ಬಳಿದು, ಕೆಳಗಿನ ಪೈಪಿನ ಸಾಕೆಟ್ಟಿನಲ್ಲಿ ಕೂಡಿಸಿ, ಎರಡು ಪಾನಾ ಹಾಕಿ ಕೊನೆಯ ಎಳೆಯವರೆಗೂ ಬಿಗಿಯಬೇಕು. ಆಮೇಲೆ ಕ್ಲಾಂಪು ಬಿಚ್ಚಿ ಇಳಿಸಬೇಕು. ಜಾಯಿಂಟು ಬಿಗಿಯಾಗದೆ ಕ್ಲಾಂಪು ಬಿಚ್ಚಿದರೆ ಕೆಳಗಿನದೆಲ್ಲ ಪಾತಾಳಕ್ಕೆ. ಈಗೆಲ್ಲ ಪಂಪಿಗೆ ಒಂದು ಹಗ್ಗ ಕಟ್ಟಿರುತ್ತಾರೆ. ಆಗ ಕಬ್ಬಿಣದ ಪೈಪಿದ್ದರೆ ಹಗ್ಗ ಕಟ್ಟುವ ರೂಢಿ ಇರಲಿಲ್ಲ.

ಆ ದಿನ ಕಾರ್ಖಾನೆಯಿಂದ ಚೈನ್ ಕಪ್ಪಿ ತಡವಾಗಿ ಬಂತು, ಕೆಲಸವೂ ತಡವಾಯಿತು. ಏಳು ಪೈಪು ಇಳಿದಿದ್ದವು. ಎಂಟನೆಯದನ್ನು ಮಾನ್ವಿ ಬ್ರದರ್ ಕೈಗೆ ಒಪ್ಪಿಸಿ, ನಾನು ಪಂಪಿನ ಕೋಣೆಯಲ್ಲಿ ಸ್ಟಾರ್ಟರಿನ ತಂತಿ ಜೋಡಿಸಲು ಹೋದೆ. ಗಂಟೆ ಹೊಡೆದದ್ದು ಕೇಳಿಸಿತು. ತಲೆ ಎತ್ತಿ ನೋಡಿದಾಗ ಹುಡುಗರು ಸಾಲಾಗಿ ಊಟಕ್ಕೆ ಹೋಗುತ್ತಿದ್ದರು, ಅವನೂ ಸಾಲಿನಲ್ಲಿದ್ದ. ಸದ್ಯ, ಇವತ್ತು ತಡ ಮಾಡಲಿಲ್ಲ ಅಂದುಕೊಂಡೆ.

ಊಟದ ನಂತರ ಹುಡುಗರು ಬಂದರು. ಮಾನ್ವಿ ಬ್ರದರ್ ಮಾತ್ರ ಬರಲಿಲ್ಲ, ಆ ದಿನ ಪಾತ್ರೆ ತೊಳೆಯುವ ಪಾಳಿ ಅವನದು. ಜಾಯಿಂಟು ಆಗಿದೆಯೇ ಎಂದು ಕೇಳಿದೆ. ಖಮ್ಮಂ ಕಡೆಯ ಬ್ರದರ್ ಒಬ್ಬನಿದ್ದ, ಅವನು "ಅಯಿಂದಿ ಸಾರ್" ಎಂದ. ನೋಡಿದೆ. ಸಾಕೆಟ್ಟಿನ ಬಾಯಿ ತುಂಬ ಸಣಬು, ಸಫೇದಾ. ಬಿಗಿಯಾದ ಜಾಯಿಂಟೂ ಹಾಗೇ ಕಾಣುತ್ತದೆ. ಕಪ್ಪಿಯಿಂದ ಒಂದಿಷ್ಟು ಎತ್ತಿಸಿದೆ, ಹಿಡಿಯಿತು. ಕ್ಲಾಂಪು ಬಿಚ್ಚಿಸಿದೆ. ಇಳಿಸಲು ಚೈನು ಎಳೆದ ಮೊದಲ ಜರ್ಕಿಗೆ ಕೈಯಲ್ಲಿ ಭಾರವೇ ಇಲ್ಲದಂತಾಯಿತು. ಮೋಟಾರಿನ ಕರೆಂಟಿನ ಕೇಬಲ್ಲು ಸರ್ರೆಂದು ಬೋರಿನೊಳಗೆ ಓಡಿ, ಸ್ಟಾರ್ಟರಿನಿಂದ ಕಿತ್ತುಕೊಂಡು ಬಾಲ ಬೀಸುತ್ತ ಒಳಗೆ ಹೋಯಿತು. ಕೆಳಗೆಲ್ಲೋ ಧಡ್ ಎಂದಿತು.

ಮಾನ್ವಿ ಬ್ರದರ್ ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆ ಕಡೆಯಿಂದ ಬಂದ. ಮುಕ್ಕಾಲಿಗೆ ನೇತಾಡುತ್ತಿದ್ದ ಒಂಟಿ ಪೈಪನ್ನು ನೋಡಿದ.

"ಎರಡೇ ಸುತ್ತು ಆಗಿದ್ವು ರಿ," ಎಂದ. "ಗಂಟಿ ಆತು."

ಊಟಕ್ಕೆ ಕೂತಾಗ ಅವನು ಎದುರಿಗಿದ್ದ ಖಮ್ಮಂ ಬ್ರದರ್‌ಗೆ ಕೈಸನ್ನೆ ಮಾಡಿದ್ದನಂತೆ, ಮುಷ್ಟಿ ಹಿಡಿದು ತಿರುಗಿಸಿ ತೋರಿಸಿ, ಇನ್ನೂ ಬಿಗಿಯಬೇಕು ಎಂದು. ಮೌನದ ಹೊತ್ತು, ಬಾಯಿ ಬಿಡುವಂತಿಲ್ಲ. ಖಮ್ಮಂ ಬ್ರದರ್ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಿ ತೆಗೆದು ಅವನ ಮುಂದಿಟ್ಟ. ಊಟವಾದ ಕೂಡಲೇ ಇವನನ್ನು ಪಾತ್ರೆಗಳಿಗೆ ಕಳಿಸಿದರು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರಲಿಲ್ಲ.

ಫಾದರ್ ಬಂದರು. ಎಲ್ಲ ಕೇಳಿಸಿಕೊಂಡು ಬೋರಿನ ಬಾಯಿಗೆ ಬಗ್ಗಿ ನೋಡಿದರು. ಯಾರಿಗೂ ಬೈಯಲಿಲ್ಲ. ಮೋಟಾರು ಸುಟ್ಟಂದಿನಿಂದ ದೂರದ ಬಾವಿಯೊಂದರಿಂದ ಕ್ಯಾನುಗಳಲ್ಲಿ ನೀರು ಹೊರುತ್ತಿದ್ದ ಹುಡುಗರು ಆ ಸಂಜೆಯೂ ಹೊತ್ತರು. ಹಿರಿಯ ಗುರುಗಳಲ್ಲಿ ಕೆಲವರು, ಸತ್ಯವೇದ ಓದಬೇಕಾದವರ ಕೈಗೆ ಪಾನಾ ಕೊಟ್ಟರೆ ಹೀಗೇ ಆಗುವುದು ಎಂದರಂತೆ.

ಎರಡು ದಿನ ಬಿಟ್ಟು ಹೋದಾಗ ಫಾದರ್ ನನ್ನನ್ನು ಒಳಗೆ ಕೂಡಿಸಿದರು. ಕೌನ್ಸಿಲ್ ಕೂಡುವ ದಿನ ಹತ್ತಿರವಿತ್ತು.

"ನಾನೇ ಇವನಿಗೆ ವಿಧೇಯತೆ ಇಲ್ಲ ಅಂದಿದ್ದೆ," ಎಂದರು. "ಈಗ ವಿಧೇಯನಾದ. ಕೌನ್ಸಿಲ್ಲಿನವರು ವಿವೇಕ ಇಲ್ಲ ಅಂತಾರೆ. ಎರಡರಲ್ಲಿ ಯಾವುದಕ್ಕಾದರೂ ಮನೆಗೆ ಕಳಿಸಬಹುದು."

ಅತ್ತ ದರಿ, ಇತ್ತ ಪುಲಿ. ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗದೆ ಇನ್ನಷ್ಟು ಬಂತು. ಏನೋ ಗೊಣಗಿ ಎದ್ದು ಬಂದೆ. ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ಪಂಪು ಇವತ್ತಲ್ಲ ನಾಳೆ ಬೇರೆ ಬಂದೀತು, ಆ ಹುಡುಗನ ಬಗ್ಗೆ ನೀವು ಬಾಯಿ ಬಿಟ್ಟಿರೋ ಇಲ್ಲವೋ ಎಂದು ಕೇಳಿದಳು. ಬಿಟ್ಟಿರಲಿಲ್ಲ. ಮರುದಿನ ಕೆಲಸಕ್ಕೆ ಹೋಗುವ ಮೊದಲು ಸೈಕಲ್ ಆ ಕಡೆ ತಿರುಗಿಸಿದೆ.

"ಫಾದರ್, ಅವ ನೀವು ಹೇಳಿದ್ದೂ ಕೇಳ್ಯಾನ, ನಾ ಹೇಳಿದ್ದೂ ಕೇಳ್ಯಾನ. ಎರಡನ್ನೂ ಕೂಡಿಸಿ ಹೆಂಗ ಮಾಡಬೇಕು ಅಂತ ನಾವಿಬ್ಬರೂ ಹೇಳಲಿಲ್ಲ. ಅವ ಏನ್ ಮಾಡಬೇಕಿತ್ತ್ರಿ?"

ಅವರು ಮಾತನ್ನು ಬೋರಿಗೆ ತಿರುಗಿಸಿದರು. ಬೋರು ಬಿಟ್ಟುಬಿಡಿ, ಹೊಸದು ಕೊರೆಸಿ ಎಂದು ರಿಗ್ಗಿನವರು ಹೇಳಿಹೋಗಿದ್ದಾರೆ ಎಂದರು. ಬಿದ್ದದ್ದನ್ನು ನಾನು ಎತ್ತುತ್ತೇನೆ, ಆದರೆ ಅದೇ ಹುಡುಗರನ್ನು ಕೊಡಬೇಕು, ಪಾನಾ ಮಾನ್ವಿ ಬ್ರದರ್ ಕೈಯಲ್ಲೇ ಇರಬೇಕು ಎಂದೆ. ಮತ್ತೆ ಕೈ ತಪ್ಪಿದರೆ ಅವನ ಕಥೆ ಅಲ್ಲಿಗೆ ಮುಗಿಯಿತು, ಗೊತ್ತುಂಟಲ್ಲ ಎಂದು ಕೇಳಿದರು. ಗೊತ್ತಿತ್ತು. ಅವನನ್ನು ದೂರ ನಿಲ್ಲಿಸಿ ನಾನೊಬ್ಬನೇ ಎತ್ತಿದರೂ ಅವನ ಕಥೆ ಮುಗಿದಂತೆಯೇ. ಫಾದರ್ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಮೇಲೆ ಉಳಿದ ಪೈಪಿನ ತುದಿಯನ್ನು ಮೊದಲು ಪರೀಕ್ಷಿಸಿದೆ. ಎರಡೇ ಎಳೆ ಕಿತ್ತುಹೋಗಿದ್ದವು. ಅಂದರೆ ಕೆಳಗೆ ಬಿದ್ದ ಸಾಕೆಟ್ಟಿನಲ್ಲೂ ಮೇಲಿನ ಎರಡು ಎಳೆ ಹಾಳಾಗಿರಬೇಕು, ಒಳಗಿನವು ಹೊಸದರ ಹಾಗೇ ಇರಬೇಕು. ಅರ್ಧಕ್ಕೆ ಬಿಟ್ಟದ್ದರಿಂದ ಆದ ಲಾಭ ಅದೊಂದೇ. ಕಾರ್ಖಾನೆಯ ಲೇಥಿನಲ್ಲಿ ಗಜ್ಜರಿಯ ಆಕಾರದ, ಎಳೆ ಕೊರೆಯುವ ಒಂದು ಟ್ಯಾಪು ಕಡೆದೆ. ತುದಿ ಸಪೂರ, ಬುಡ ದಪ್ಪ, ಮೈತುಂಬ ಎಳೆ. ಕುಲುಮೆಯಲ್ಲಿ ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದೆ. ಅದನ್ನು ಬೇರೆ ಪೈಪುಗಳ ತುದಿಗೆ ಹಾಕಿ ಬೋರಿನಲ್ಲಿ ಇಳಿಸಿ, ಮೇಲಿಂದ ತಿರುಗಿಸಿದರೆ ಬಿದ್ದ ಸಾಕೆಟ್ಟಿನೊಳಗೆ ಕಚ್ಚಿಕೊಳ್ಳಬೇಕು. ಕಚ್ಚಿದರೆ ಎತ್ತಬಹುದು.

ಕಾರ್ಖಾನೆಗೆ ರಜೆ ಹಾಕಿದೆ. ಮೊದಲ ದಿನವೆಲ್ಲ ಕೇಬಲ್ಲಿಗೇ ಹೋಯಿತು. ಅದು ಬಿದ್ದ ಪೈಪುಗಳ ಮೇಲೆ ಸುರುಳಿಯಾಗಿ ಕೂತಿತ್ತು. ಕೊಕ್ಕೆ ಇಳಿಸಿ ತುಂಡುತುಂಡಾಗಿ ಎಳೆದೆವು. ಮರುದಿನ ಟ್ಯಾಪು ಇಳಿಸಿದರೆ ಸಾಕೆಟ್ಟೇ ಸಿಗಲಿಲ್ಲ. ಪೈಪು ಒಂದು ಬದಿಗೆ ಒರಗಿ ನಿಂತಿತ್ತು, ಟ್ಯಾಪು ಪಕ್ಕಕ್ಕೆ ಜಾರುತ್ತಿತ್ತು. ಎಲ್ಲ ಪೈಪು ಮತ್ತೆ ಮೇಲೆ ತೆಗೆದು, ಟ್ಯಾಪಿನ ಸುತ್ತ ತಗಡಿನ ಒಂದು ಲಂಗ ಬೆಸೆದು, ಒರಗಿದ ಪೈಪನ್ನು ನಡುವಿಗೆ ತರುವ ಹಾಗೆ ಮಾಡಿದೆ. ಇಷ್ಟರಲ್ಲಿ ಮಾಲೀಕ ಚೈನ್ ಕಪ್ಪಿ ವಾಪಸ್ಸು ಕೇಳಿದ. ಕಾಂಪೌಂಡಿನ ಬತ್ತಿದ ಹಳೇ ಬಾವಿಗೆ ಹಾಕಿದ್ದ ಕೈವಿಂಚು ತಂದು ಮುಕ್ಕಾಲಿಗೆ ಕಟ್ಟಿದೆವು. ಅದರ ತಡೆಹಲ್ಲು ಸವೆದಿತ್ತು. ಹಿಡಿಕೆಯನ್ನು ಇಬ್ಬರು ಬಿಡದೆ ಹಿಡಿದಿರಬೇಕು, ಬಿಟ್ಟರೆ ಗಿರ್ರನೆ ಬಿಚ್ಚಿಕೊಳ್ಳುತ್ತಿತ್ತು.

ಮೂರನೆಯ ದಿನ ವಿಂಚಿನ ಒಬ್ಬ ಹುಡುಗನಿಗೆ ಜ್ವರ. ಫಾದರ್ ನಿಲುವಂಗಿ ಕಳಚಿ ಗೂಟಕ್ಕೆ ಹಾಕಿ, ಅಂಗಿಯ ತೋಳು ಮಡಚಿ, ಖಮ್ಮಂ ಬ್ರದರ್ ಎದುರಿಗೆ ಹಿಡಿಕೆ ಹಿಡಿದು ನಿಂತರು. ಮಾನ್ವಿ ಬ್ರದರ್ ಪಾನಾ ತಿರುಗಿಸುತ್ತ ಇದ್ದವನು ತಟ್ಟನೆ ನಿಲ್ಲಿಸಿ, "ಕಚ್ಚಿತು ರಿ" ಎಂದ. ನಾನೂ ಕೈ ಇಟ್ಟು ನೋಡಿದೆ. ಕಚ್ಚಿತ್ತು. ಎತ್ತಿದೆವು. ಸ್ವಲ್ಪ ಬಂದು ಸಿಕ್ಕಿಕೊಂಡಿತು. ಇಳಿಸಿ, ಎತ್ತಿ, ಇಳಿಸಿ, ಎತ್ತಿ, ಕೊನೆಗೆ ಏನೋ ಬಿಟ್ಟುಕೊಟ್ಟು ಭಾರವೆಲ್ಲ ವಿಂಚಿಗೆ ಬಂತು. ನಮ್ಮ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕಕ್ಕಿಡುತ್ತ ಬಂದೆವು.

ಕೊನೆಗೆ ತಗಡಿನ ಲಂಗ ಕಂಡಿತು. ಅದರ ಒಳಗೆ ಕೆಸರು ಮೆತ್ತಿದ, ಬಿದ್ದುಹೋಗಿದ್ದ ಸಾಕೆಟ್ಟು. ಬರೀ ಟ್ಯಾಪಿನ ಹಿಡಿತವನ್ನು ನಂಬುವಂತಿಲ್ಲ. ಸಾಕೆಟ್ಟಿನ ಕೆಳಗೆ ಕ್ಲಾಂಪು ಹಾಕಿ, ಎರಡೂ ಬೋಲ್ಟು ಬಿಗಿದು, ಭಾರವನ್ನು ಬೋರಿನ ಬಾಯಿಗೆ ಒಪ್ಪಿಸಬೇಕು. ಮಾನ್ವಿ ಬ್ರದರ್ ಮೊದಲ ಬೋಲ್ಟು ಬಿಗಿದ. ಎರಡನೆಯದಕ್ಕೆ ಪಾನಾ ಹಾಕಿದ. ಗಂಟೆ ಹೊಡೆಯಿತು.

ನಾನು ಬೇಕೆಂದೇ ಕೆಲಸವನ್ನು ಹನ್ನೆರಡಕ್ಕೆ ತಂದು ನಿಲ್ಲಿಸಿದೆ ಎಂದು ಆಮೇಲೆ ಕೆಲವರು ಹೇಳಿದರು. ಸುಳ್ಳು. ಆ ಪೈಪು ಸಿಕ್ಕಿಕೊಳ್ಳದಿದ್ದರೆ ಹನ್ನೊಂದಕ್ಕೇ ಮುಗಿಯುತ್ತಿತ್ತು.

ಮಾನ್ವಿ ಬ್ರದರ್ ಕೈ ನಿಂತಿತು. ಅವನು ನನ್ನನ್ನು ನೋಡಲಿಲ್ಲ, ಫಾದರ್ ಅವರನ್ನು ನೋಡಿದ. ನನಗೆ ಬಾಯಿತನಕ ಮಾತು ಬಂತು, ನುಂಗಿದೆ. ನಾನು ಹೇಳಿ ಅವನು ಮಾಡಿದರೆ ಮತ್ತೆ ಫಾದರ್ ಮಾತು ಮೀರಿದಂತಾಗುತ್ತಿತ್ತು.

ಫಾದರ್ ಎಷ್ಟು ವರ್ಷದಿಂದ ಆ ಗಂಟೆಗೆ ಕೈ ಮುಗಿದವರೋ. ಅವರ ಎಡಗೈ ತಾನೇ ತಾನಾಗಿ ಹಿಡಿಕೆಯಿಂದ ಎದ್ದಿತು. ವಿಂಚು ಕರ್ರೆಂದು ಜಾರಿತು, ಸಾಕೆಟ್ಟು ಒಂದು ಗೇಣು ಕೆಳಗೆ ಹೋಯಿತು, ಖಮ್ಮಂ ಬ್ರದರ್ ಅಯ್ಯೋ ಎಂದ. ಫಾದರ್ ಎರಡೂ ಕೈಯಿಂದ ಹಿಡಿಕೆ ಅಪ್ಪಿ ಹಿಡಿದರು. ನಿಂತಿತು. ಹಾಗೆ ಹಿಡಿದುಕೊಂಡೇ ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದರು. ಹುಡುಗರು ತಮ್ಮ ತಮ್ಮ ಕಬ್ಬಿಣ ಹಿಡಿದುಕೊಂಡೇ ಉತ್ತರ ಕೊಟ್ಟರು. ಮೊದಲ ಚರಣ ಮುಗಿದು ಎರಡನೆಯದಕ್ಕೆ ಹೋಗುವ ಮೊದಲು ಫಾದರ್ ಕನ್ನಡದಲ್ಲಿ ಹೇಳಿದರು:

"ಬಿಗಿ ಮಾಡು, ಮಗಾ. ಪೂರ್ತಿ ಮಾಡು."

ಅವನು ಬಿಗಿದ. ಪ್ರಾರ್ಥನೆಯ ತನ್ನ ಪಾಲಿನ ಮಾತುಗಳನ್ನು ಹೇಳುತ್ತ, ಒಂದೊಂದೇ ಸುತ್ತು, ಕೊನೆಯವರೆಗೂ ಬಿಗಿದ. ಭಾರ ಕ್ಲಾಂಪಿನ ಮೇಲೆ ಕೂತಿತು. ನಾನು ಕೈಯಿಂದ ತಟ್ಟಿ ನೋಡಿ ತಲೆಯಾಡಿಸಿದೆ. ಆಮೇಲಷ್ಟೇ ಫಾದರ್ ಹಿಡಿಕೆ ಬಿಟ್ಟರು. ಅಂಗೈಯ ಚರ್ಮ ಕಿತ್ತಿತ್ತು. ಅದೇ ಕೈಯಲ್ಲಿ ಹಣೆಗೆ, ಎದೆಗೆ, ಭುಜಕ್ಕೆ ಶಿಲುಬೆಯ ಗುರುತು ಹಾಕಿಕೊಂಡರು. ಯಾರೂ ಊಟಕ್ಕೆ ಹೊರಡಲಿಲ್ಲ. ಏಳೂ ಪೈಪು ಬಿಚ್ಚಿ, ಪಂಪು ನೆಲಕ್ಕೆ ಬಂದ ಮೇಲೆ ಫಾದರ್ ನೀವೂ ಊಟಕ್ಕೆ ಬನ್ನಿ ಎಂದು ನನ್ನನ್ನು ಕರೆದರು.

ಊಟದ ಕೋಣೆಯಲ್ಲಿ ಉಳಿದವರು ಊಟ ಮುಗಿಸಿ ನಮಗಾಗಿ ಕಾದು ಕೂತಿದ್ದರು. ಮೇಲಿನ ಮೇಜಿಗೆ ಕೌನ್ಸಿಲ್ಲಿನ ಹಿರಿಯ ಗುರುಗಳು ಕೂತಿದ್ದರು. ಬಾಗಿಲಿಗೆ ಬಂದ ಮಾನ್ವಿ ಬ್ರದರ್ ರೂಢಿಯಂತೆ ಮೊಣಕಾಲೂರಲು ಬಾಗಿದ. ಫಾದರ್ ಅವನ ಭುಜ ಹಿಡಿದು ಹಿಂದಕ್ಕೆ ಸರಿಸಿದರು. ತಾವು ಮುಂದೆ ಹೋಗಿ, ಹೊಸ್ತಿಲ ಮೇಲೆ, ಕೆಸರು ಮೆತ್ತಿದ ಬಟ್ಟೆಯಲ್ಲಿ ಮೊಣಕಾಲೂರಿದರು. ತಡವಾಗಿ ಬಂದೆ, ಕ್ಷಮಿಸಬೇಕು ಎಂದರು. ಅವರ ಹಿಂದೆ ಮಾನ್ವಿ ಬ್ರದರ್, ಖಮ್ಮಂ ಬ್ರದರ್, ಉಳಿದವರು. ನೊವಿಸರ ಗುರು ಆ ಬಾಗಿಲಲ್ಲಿ ಮಂಡಿಯೂರಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲವಂತೆ. ನಾನು ಅವರ ಧರ್ಮದವನಲ್ಲ, ಏನು ಮಾಡಬೇಕೆಂದು ತಿಳಿಯದೆ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತೆ. ಮೇಲಿನ ಮೇಜಿನ ಹಿರಿಯರೊಬ್ಬರು ತಲೆಯಾಡಿಸಿದರು.

ಪಂಪು ಮತ್ತೆ ಇಳಿಸಿದೆವು, ನೀರು ಬಂತು. ಕೌನ್ಸಿಲ್ ಕೂತದ್ದು ಅದಾದ ಮೇಲೆ. ಅಲ್ಲಿ ಏನಾಯಿತೆಂದು ನನಗೆ ಯಾರೂ ಹೇಳಿ ಕಳಿಸಲಿಲ್ಲ. ನಾನಾಗಿ ಹೋಗಿ ಕೇಳಲು ಧೈರ್ಯವಾಗಲಿಲ್ಲ.

ಒಂದು ಮಧ್ಯಾಹ್ನ ಫಾದರ್ ಸ್ಕೂಟರಿನಲ್ಲಿ ಕಾರ್ಖಾನೆಗೇ ಬಂದರು, ನಿಲುವಂಗಿ ಅದೇ ಥರ ಸೊಂಟಕ್ಕೆ ಸಿಕ್ಕಿಸಿಕೊಂಡು. ನಾನು ಲೇಥಿನ ಮುಂದಿದ್ದೆ. ಅವರ ಮುಖ ನೋಡಿ ಲೇಥು ನಿಲ್ಲಿಸಿದೆ. ಹುಡುಗನದು ಏನಾಯಿತು ಎಂದು ಕೇಳಿದೆ.

"ವ್ರತ ಕೊಡ್ತೇವೆ. ಅವನ ಬಗ್ಗೆ ಯಾರೂ ಏನೂ ಕೇಳಲಿಲ್ಲ." ನಿಲುವಂಗಿಯನ್ನು ಸೊಂಟದಿಂದ ಬಿಡಿಸುತ್ತ, "ನನ್ನ ಬಗ್ಗೆ ಕೇಳಿದರು," ಎಂದರು.

ಗಂಟೆಯ ಹೊತ್ತಿನಲ್ಲಿ ಕೆಲಸ ಮಾಡು ಎಂದು ನೊವಿಸ್‌ಗೆ ಅಪ್ಪಣೆ ಕೊಟ್ಟವರು ನೊವಿಸರನ್ನು ಪಳಗಿಸಲು ತಕ್ಕವರಲ್ಲ ಎಂದು ತೀರ್ಮಾನವಾಗಿತ್ತು. ಮುಂದಿನ ವರ್ಷಕ್ಕೆ ಬೇರೆಯವರು ಬರುತ್ತಾರೆ, ಇವರಿಗೆ ಗೋದಾವರಿ ಆಚೆಯ ಹಳೇ ಠಾಣ್ಯಕ್ಕೇ ವರ್ಗ. ಹೇಳುವಾಗ ದನಿಯಲ್ಲಿ ಬೇಸರವಿರಲಿಲ್ಲ. ಅವರೂ ವಿಧೇಯತೆಯ ವ್ರತ ತೊಟ್ಟವರೇ.

"ಅಲ್ಲಿ ಪಂಪು ಐತೇನ್ರಿ?" ಎಂದೆ.

"ಉಂಟು. ಕೆಟ್ಟು ನಿಂತಿದೆಯಂತೆ." ಅವರು ತೋಳು ಮಡಚತೊಡಗಿದರು. ಅಂಗೈಯ ಗಾಯ ಮಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. "ಹೊರಡಲಿಕ್ಕೆ ಇನ್ನೂ ಕೆಲವು ದಿನ ಉಂಟು. ನನಗೆ ಕಲಿಸ್ತೀರಾ, ಉಸ್ತಾದ್?"

ಅಷ್ಟರಲ್ಲಿ ನಮ್ಮ ಊಟದ ಸೈರನ್ ಕೂಗಿತು. ಶೆಡ್ಡಿನವರೆಲ್ಲ ಕೈ ಕೊಡವಿ ಡಬ್ಬಿಗಳ ಕಡೆ ಹೊರಟರು. ಲೇಥಿನಲ್ಲಿ ನನ್ನ ಪೈಪಿಗೆ ಇನ್ನೂ ಒಂದಿಷ್ಟು ಎಳೆ ಕಡೆಯುವುದು ಬಾಕಿ ಇತ್ತು. ಇದು ಮುಗಿಸಿ ಬರ್ತೀನಿ, ಕೂಡ್ರಿ ಎಂದೆ. ಅವರು ಕೂಡಲಿಲ್ಲ. ಹತ್ತಿರ ಬಂದು, ಎಳೆ ಕೊನೆಯವರೆಗೆ ಹೋಗುವುದನ್ನು ನೋಡುತ್ತ ನಿಂತರು.